ಕಬ್ಬಿನ ಟ್ರೇಲರ್‌ಗೂ ಒಂದು ಮಿತಿ ಬೇಕು

ಕಾರ್ಖಾನೆ ಕಬ್ಬು ಅರೆಯಲು ಶುರು ಮಾಡಿತೆಂದರೆ, ಕಿರಂಗೂರಿನಿಂದ ಪಾಂಡವಪುರಕ್ಕೆ ಬರುವ ರಸ್ತೆಯಲ್ಲಿ ರಾತ್ರಿ ಬೈಕ್ ಓಡಿಸಲು ನನ್ನ ಮನೆಯವರು ಬಿಡುವುದಿಲ್ಲ. ಅವರ ಭಯ ನ್ಯಾಯವಾದದ್ದೇ. ಹಿಂದೆ ಒಂದು ಕೆಂಪು ದೀಪವೂ ಇಲ್ಲದ, ಎರಡೂ ಬದಿಗೆ ಕಬ್ಬು ಚಾಚಿಕೊಂಡ ಟ್ರೇಲರ್ ಹತ್ತಿರ ಹೋಗುವವರೆಗೆ ಕಾಣುವುದೇ ಇಲ್ಲ.

ವೈಟ್‌ಫೀಲ್ಡ್‌ನ ಕಂಟೇನರ್ ಡಿಪೊದಲ್ಲಿ, ಕಂಟೇನರುಗಳನ್ನು ಎತ್ತಿ ಪೇರಿಸುವ ರೀಚ್ ಸ್ಟ್ಯಾಕರ್ ಓಡಿಸಿ ಊರಿಗೆ ಮರಳಿದವನು ನಾನು. ಸಮುದ್ರವಿಲ್ಲದ ಊರಿನಲ್ಲಿ ಬಂದರಿನ ಕೆಲಸ ಮಾಡುವ ಇಂಥ ಡಿಪೊ ದೇಶದಲ್ಲಿ ಮೊದಲು ಶುರುವಾದದ್ದು ಬೆಂಗಳೂರಿನಲ್ಲೇ, 1981ರಲ್ಲಿ. ಭಾರ ಎತ್ತುವ ಯಂತ್ರವನ್ನು ಎಷ್ಟು ಎಚ್ಚರದಿಂದ ಕಟ್ಟುತ್ತಾರೆ ಎಂಬುದನ್ನು ಅಲ್ಲಿ ಕೂತು ಕಂಡವನಿಗೆ ನಮ್ಮ ರಸ್ತೆಯ ಟ್ರೇಲರ್ ನೋಡಿದರೆ ಹೊಟ್ಟೆ ತೊಳಸುತ್ತದೆ.

ರೀಚ್ ಸ್ಟ್ಯಾಕರ್ ತಾನೇ ಸುಮಾರು 70 ಟನ್ ತೂಗುತ್ತದೆ. ಮುಂದೆ ಉದ್ದನೆಯ ಬೂಮ್, ಹಿಂದೆ ಕಬ್ಬಿಣದ ಪ್ರತಿತೂಕ. ಏತದ ಹಾಗೆಯೇ ಲೆಕ್ಕ. ಮುಂದಿನ ಚಕ್ರಗಳ ಸಾಲೇ ಆಧಾರ, ಭಾರ ಅದರಿಂದ ದೂರ ಹೋದಷ್ಟೂ ಯಂತ್ರ ಮುಂದಕ್ಕೆ ಬೀಳಲು ನೋಡುತ್ತದೆ. ಮೊದಲ ಸಾಲಿನಲ್ಲಿ 45 ಟನ್ ಎತ್ತುವ ಯಂತ್ರ, ಅದೇ ಭಾರವನ್ನು ಮುಂದಿನ ಕಂಟೇನರ್ ದಾಟಿಸಿ ಎರಡನೇ ಸಾಲಿನಲ್ಲಿ ಎತ್ತಲಾರದು. ಆಪರೇಟರ್ ಇದನ್ನು ಅಂದಾಜಿನ ಮೇಲೆ ನಡೆಸಬೇಕಿಲ್ಲ. ಎತ್ತುವ ಸಿಲಿಂಡರಿನೊಳಗಿನ ಎಣ್ಣೆಯ ಒತ್ತಡ, ಬೂಮ್ ಎಷ್ಟು ಚಾಚಿದೆ, ಯಾವ ಕೋನದಲ್ಲಿದೆ, ಇಷ್ಟನ್ನೂ ಯಂತ್ರ ಅಳೆಯುತ್ತಲೇ ಇರುತ್ತದೆ. ಮಿತಿ ಹತ್ತಿರ ಬಂದರೆ ಅಲಾರಂ. ಮಿತಿ ಮುಟ್ಟಿದರೆ ಬೂಮ್ ಅಲ್ಲಿಗೇ ನಿಲ್ಲುತ್ತದೆ. ಒಳಕ್ಕೆ ಎಳೆದುಕೊಳ್ಳಬಹುದು, ಇನ್ನೂ ಹೊರಕ್ಕೆ ಚಾಚಲಾಗದು. ಕಂಟೇನರಿನ ನಾಲ್ಕು ಮೂಲೆಗೂ ಟ್ವಿಸ್ಟ್ ಲಾಕ್ ಕೂತು ತಿರುಗಿದ ಮೇಲೆಯೇ ಹಸಿರು ದೀಪ. ಮೂರು ಕೂತು ಒಂದು ಕೂರದಿದ್ದರೆ ಯಂತ್ರ ಎತ್ತುವುದಿಲ್ಲ. ಮೇಲಿನವರು ಎಷ್ಟೇ ಅವಸರ ಮಾಡಲಿ.

2016ರ ಜುಲೈ 1ರಿಂದ, ತುಂಬಿದ ಕಂಟೇನರ್ ತೂಕ ದೃಢಪಡದೆ ಹಡಗು ಹತ್ತುವಂತಿಲ್ಲ ಎಂಬ ಅಂತರರಾಷ್ಟ್ರೀಯ ನಿಯಮವೂ ಇದೆ.

ಈಗ ನಮ್ಮ ಟ್ರೇಲರ್ ನೋಡಿ. ಕಬ್ಬು ಎತ್ತರಕ್ಕೆ ಏರಿದಷ್ಟೂ ಭಾರದ ಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಮಗುಚಲು ಅಷ್ಟು ಸಾಕು. ದಿಣ್ಣೆ ಹತ್ತುವಾಗ ಕೊಂಡಿಯ ಮೇಲೆ ಭಾರ ಬಿದ್ದು ಟ್ರ್ಯಾಕ್ಟರಿನ ಮುಂದಿನ ಚಕ್ರ ಗೇಣುದ್ದ ಏಳುವುದನ್ನು ನೋಡಿದ್ದೇನೆ. ಆ ಕ್ಷಣ ಸ್ಟೀರಿಂಗ್ ಇದ್ದೂ ಇಲ್ಲ. ಇಂಥ ಗಾಡಿಗಳು ವಿ.ಸಿ. ನಾಲೆಯ ಏರಿಯ ಮೇಲೂ ಹೋಗುತ್ತವೆ. 2018ರ ನವೆಂಬರಿನಲ್ಲಿ ಕನಗನಮರಡಿ ಬಳಿ ಬಸ್ಸು ಬಿದ್ದು 30 ಜನ ತೀರಿಕೊಂಡದ್ದು ಇದೇ ನಾಲೆಗೆ. ಅದು ಕಬ್ಬಿನ ಗಾಡಿಯಿಂದ ಆದದ್ದಲ್ಲ, ಆದರೆ ಆ ಏರಿಯ ಮೇಲೆ ಒಂದು ತಪ್ಪಿಗೂ ಜಾಗವಿಲ್ಲ ಎಂಬುದು ಪಾಂಡವಪುರದ ಎಲ್ಲರಿಗೂ ಗೊತ್ತು.

ಡ್ರೈವರ್ ಹುಡುಗನನ್ನು ಬೈದು ಉಪಯೋಗವಿಲ್ಲ. ಅವನ ಬಾಡಿಗೆ ಟನ್ ಲೆಕ್ಕ. ಕಟಾವಾದ ಕಬ್ಬು ಒಣಗಿ ತೂಕ ಇಳಿಯುವ ಮೊದಲು ಸಾಗಿಸಬೇಕು ಎಂದು ರೈತನಿಗೆ ಆತುರ. ಹೆಚ್ಚು ತುಂಬಿದವನಿಗೆ ಹೆಚ್ಚು ಕಾಸು ಎಂಬ ಏರ್ಪಾಡೇ ಅಪಾಯವನ್ನು ಸಾಕುತ್ತಿದೆ.

ಹೊಸ ಯಂತ್ರವೇನೂ ಬೇಕಾಗಿಲ್ಲ. ಕಾರ್ಖಾನೆಯ ಗೇಟಿನಲ್ಲಿ ವೇ ಬ್ರಿಡ್ಜ್ ಇದ್ದೇ ಇದೆ. ಪ್ರತಿ ಟ್ರೇಲರಿನ ಮಿತಿ ತೂಕದ ಚೀಟಿಯಲ್ಲೇ ಅಚ್ಚಾಗಲಿ. ಮಿತಿ ಮೀರಿದ ಕಬ್ಬಿಗೆ ರೈತನಿಗೆ ಪೂರ್ತಿ ಬೆಲೆ ಸಿಗಲಿ, ಸಾಗಣೆ ಬಾಡಿಗೆ ಮಾತ್ರ ಬೇಡ. ಟ್ರೇಲರಿನ ಪಕ್ಕಕ್ಕೆ, ಇದಕ್ಕಿಂತ ಮೇಲೆ ತುಂಬಬಾರದು ಎಂದು ಕೆಂಪು ಗೆರೆ ಎಳೆಯಲಿ, ಹಿಂದೆ ರಿಫ್ಲೆಕ್ಟರ್ ಅಂಟಿಸದ ಗಾಡಿಯನ್ನು ಗೇಟಿನೊಳಗೆ ಬಿಡದಿರಲಿ. ಟ್ರಿಪ್ ಹೆಚ್ಚಿದರೆ ಡೀಸೆಲ್ ಖರ್ಚು ಯಾರದು ಎಂದು ಕೇಳುತ್ತಾರೆ. ಕೇಳಬೇಕಾದ್ದೇ. ಆ ಖರ್ಚು ರೈತನ ಕಬ್ಬಿನ ಬಿಲ್ಲಿನಲ್ಲಿ ಮುರಿದುಕೊಳ್ಳಬಾರದು, ಕಾರ್ಖಾನೆಯೇ ಹೊರಬೇಕು. ಮುಂದಿನ ಹಂಗಾಮಿಗೆ ಸಾಗಣೆದಾರರ ಜತೆ ಕರಾರು ಬರೆಯುವಾಗಲೇ ಈ ಮಾತು ಕಾಗದದ ಮೇಲೆ ಬರಲಿ.