ಮಾಲೀಕನ ಸಹಿಗೆ ಒತ್ತೆಯಾದ ವೀಸಾ

2024ರ ಅಕ್ಟೋಬರ್‌ನಲ್ಲಿ ಆಗಿನ ಜರ್ಮನ್ ಚಾನ್ಸಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದ ಹೊತ್ತಿನ ಘೋಷಣೆ ನಮ್ಮ ಎಂಜಿನಿಯರುಗಳ ಕಿವಿಗೆ ಇಂಪಾಗಿತ್ತು. ಭಾರತದ ಕುಶಲ ಕೆಲಸಗಾರರ ವೀಸಾ ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೇರಲಿದೆ! ಬೆಂಗಳೂರಿನಿಂದ ಓದಲು ಹೋಗುವವರಿಗೂ ಕೊರತೆಯಿಲ್ಲ. ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರದೇ ದೊಡ್ಡ ಗುಂಪು. ಆದರೆ ಕರೆದವರೇ ಬಾಗಿಲಲ್ಲಿ ನಿಲ್ಲಿಸಿ ಕಾಗದ ಕೇಳುತ್ತಿದ್ದಾರೆ. ಅದೂ ಬೇರೆಯವರ ಕೈಯಲ್ಲಿರುವ ಕಾಗದ.

ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ತಪ್ಪಿದರೆ 1,000 ಯೂರೊವರೆಗೆ ದಂಡ ಎನ್ನುತ್ತದೆ ಅಲ್ಲಿನ ಕಾನೂನು. ನೋಂದಣಿಗೆ ಬಾಡಿಗೆ ಕರಾರು ಸಾಲದು, ಮನೆ ಕೊಟ್ಟವರ ಸಹಿ ಇರುವ ದೃಢೀಕರಣವೇ ಬೇಕು. ನೋಂದಣಿಯಾದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು. ವೀಸಾ ಅವಧಿ ವಿಸ್ತರಿಸುವ ಕಚೇರಿ ಯಾವುದೆಂದು ತೀರ್ಮಾನವಾಗುವುದೂ ವಾಸದ ವಿಳಾಸದಿಂದಲೇ.

ಬರ್ಲಿನ್, ಮ್ಯೂನಿಕ್‌ನಲ್ಲಿ ಹೊಸಬರಿಗೆ ಸಿಗುವುದು ಹೆಚ್ಚಾಗಿ ಒಳಬಾಡಿಗೆಯ ಕೋಣೆ. ಮೂಲ ಬಾಡಿಗೆದಾರ ಮಾಲೀಕನಿಗೆ ತಿಳಿಸದೆ ಕೊಟ್ಟಿದ್ದರೆ ‘ಇರಬಹುದು, ನೋಂದಣಿ ಮಾತ್ರ ಬೇಡ’ ಎನ್ನುತ್ತಾನೆ. ಸಹಿ ಕೊಡದಿದ್ದರೆ ನೋಂದಣಿ ಕಚೇರಿಗೆ ದೂರು ಹೇಳಿ ಎನ್ನುತ್ತದೆ ಕಾನೂನು. ದೂರು ಕೊಟ್ಟ ರಾತ್ರಿ ಮಲಗುವುದೆಲ್ಲಿ?

ಮನೆ ಕೊಟ್ಟವರ ದೃಢೀಕರಣ 2015ರ ನವೆಂಬರ್‌ನಲ್ಲಿ ಮತ್ತೆ ಕಡ್ಡಾಯವಾದದ್ದು ಸುಳ್ಳು ವಿಳಾಸಗಳನ್ನು ತಡೆಯಲು. ಆ ಕಾಳಜಿ ಸುಳ್ಳಲ್ಲ. ವಾಸವೇ ಇಲ್ಲದ ವಿಳಾಸಗಳ ಹಿಂದೆ ವಂಚಕರು ಅಡಗುತ್ತಾರೆ. ಆದರೆ ಆದದ್ದೇನು? ನಿಜವಾಗಿ ಒಂದು ಕೋಣೆಯಲ್ಲಿ ಇರುವವನು ಸಹಿ ಸಿಗದೆ, ದುಡ್ಡು ಕೊಟ್ಟು ಇನ್ನೊಬ್ಬರ ವಿಳಾಸ ಕೊಳ್ಳುವಂತಾಯಿತು. ಹಾಗೆ ವಿಳಾಸ ಕೊಟ್ಟವರಿಗೆ 50,000 ಯೂರೊವರೆಗೆ ದಂಡವಿದ್ದರೂ ದಂಧೆ ನಿಂತಿಲ್ಲ. ಸುಳ್ಳನ್ನು ತಡೆಯಲು ಬಂದ ನಿಯಮವೇ ಪ್ರಾಮಾಣಿಕನಿಗೆ ಸುಳ್ಳು ಕಲಿಸುತ್ತಿದೆ.

ವಿಸ್ತರಣೆಯ ಕತೆಯೂ ಇದೇ. ಅವಧಿ ಮುಗಿಯುವ ಮುನ್ನ ಅರ್ಜಿ ಹಾಕಿದರೆ ತೀರ್ಮಾನದವರೆಗೆ ಹಳೆಯ ಅನುಮತಿಯೇ ಮುಂದುವರಿಯುತ್ತದೆಂದು ವಾಸ ಕಾಯ್ದೆಯ 81ನೇ ಕಲಮು ಹೇಳುತ್ತದೆ. ಅದು ಸಂಬಳ ಕೊಡುವ ಕಂಪನಿಗೂ ವಿಮಾನ ನಿಲ್ದಾಣದ ಅಧಿಕಾರಿಗೂ ಮನದಟ್ಟಾಗಬೇಕಾದರೆ ತಾತ್ಕಾಲಿಕ ಪ್ರಮಾಣಪತ್ರ ಬೇಕು. ಅದಕ್ಕೂ ಕಾಯಬೇಕು. ತಡ ಕಚೇರಿಯದು, ಕೆಲಸ ಕಳೆದುಕೊಳ್ಳುವ ಭಯ, ಊರಲ್ಲಿ ಅಪ್ಪನಿಗೆ ಹುಷಾರಿಲ್ಲದಿದ್ದರೂ ಹೊರಡಲಾಗದ ಸಂಕಟ ಅರ್ಜಿದಾರರದು.

ಪರಿಹಾರ ಕಷ್ಟದ್ದಲ್ಲ. ಬಾಡಿಗೆ ಕರಾರನ್ನೂ ಬ್ಯಾಂಕಿನಿಂದ ಬಾಡಿಗೆ ಕಟ್ಟಿದ ದಾಖಲೆಯನ್ನೂ ನೋಂದಣಿಗೆ ಒಪ್ಪಲಿ. ಸಂಶಯ ಬಂದರೆ ಅಧಿಕಾರಿಯೇ ಮನೆಗೆ ಹೋಗಿ ನೋಡಲಿ. ವಿಸ್ತರಣೆಯ ಅರ್ಜಿ ಸಲ್ಲಿಸಿದ ಗಳಿಗೆಯಲ್ಲೇ ತಾತ್ಕಾಲಿಕ ಪತ್ರ ತಾನಾಗಿ ಕೈಸೇರಲಿ. ನಮ್ಮ ವಿದೇಶಾಂಗ ಇಲಾಖೆಯೂ ವೀಸಾ ಸಂಖ್ಯೆ ಏರಿದ್ದಕ್ಕೆ ಬೆನ್ನು ತಟ್ಟಿಕೊಳ್ಳುವ ಮೊದಲು ಇವನ್ನು ಮಾತುಕತೆಯ ಮೇಜಿಗೆ ತರಲಿ. ಇಲ್ಲದಿದ್ದರೆ 90 ಸಾವಿರ ವೀಸಾಗಳಿಂದ ಮೊದಲು ಉದ್ಧಾರವಾಗುವವರು ವಿಳಾಸ ಮಾರುವ ದಲ್ಲಾಳಿಗಳೇ.