ನೋವಿಗೆ ಸೊನ್ನೆ ಅಂಕ

ನಕಲಿ ದಿವ್ಯಾಂಗರನ್ನು ಹಿಡಿಯಬೇಕು, ಅದರಲ್ಲಿ ತಕರಾರಿಲ್ಲ. 2024ರಲ್ಲಿ ಐಎಎಸ್ ತರಬೇತಿಯಲ್ಲಿದ್ದ ಪೂಜಾ ಖೇಡ್ಕರ್ ಪ್ರಕರಣ ಹೊರಬಿದ್ದು ಯುಪಿಎಸ್‌ಸಿ ಆಕೆಯ ಉಮೇದುವಾರಿಕೆಯನ್ನೇ ರದ್ದು ಮಾಡಿದ ಮೇಲೆ ಮಹಾರಾಷ್ಟ್ರ ಸರ್ಕಾರ ಸುಮ್ಮನೆ ಕೂರುವಂತಿರಲಿಲ್ಲ. 2025ರಲ್ಲಿ ದಿವ್ಯಾಂಗ ಕಲ್ಯಾಣ ಇಲಾಖೆಗೆ ತುಕಾರಾಮ ಮುಂಢೆ ಕಾರ್ಯದರ್ಶಿಯಾಗಿ ಬಂದರು. ನೌಕರರ ಪ್ರಮಾಣಪತ್ರಗಳ ಮರುಪರಿಶೀಲನೆ ಶುರುವಾಯಿತು, ಜಿಲ್ಲಾ ಪರಿಷತ್ತುಗಳಲ್ಲಿ ಅಮಾನತುಗಳಾದವು, ವರ್ಗಾವಣೆಯಲ್ಲಿ ‘ಸಂವರ್ಗ ಒಂದು’ ಎಂಬ ಆದ್ಯತೆಯ ವರ್ಗ ಹಿಡಿದು ಊರ ಹತ್ತಿರದ ಶಾಲೆ ಗಿಟ್ಟಿಸಿಕೊಂಡಿದ್ದ ಮಾಸ್ತರರ ಎದೆ ಡವಗುಟ್ಟಿತು. ಮಹಾರಾಷ್ಟ್ರ–ಕರ್ನಾಟಕ ಗಡಿಯ ಎರಡೂ ಬದಿಯ ಪತ್ರಿಕೆಗಳು ಚಪ್ಪಾಳೆ ತಟ್ಟಿದವು.

ನನ್ನ ಆಕ್ಷೇಪ ಪರಿಶೀಲನೆಗಲ್ಲ, ಪರಿಶೀಲನೆಯ ಕೋಲಿಗೆ. ಆ ಕೋಲು ಮುರಿದಿದೆ. ದಾಖಲೆ ನಕಲಿ ಎಂದು ಕಂಡವರನ್ನೂ, ಮರುತಪಾಸಣೆಯಲ್ಲಿ, ಸೌಲಭ್ಯಕ್ಕೆ ಬೇಕಾದ ಶೇ 40 ವೈಕಲ್ಯಕ್ಕಿಂತ ಕೆಳಗೆ ಇಳಿದವರನ್ನೂ ಒಂದೇ ಉಸಿರಿನಲ್ಲಿ ಹೆಸರಿಸುವುದು ಇಡೀ ವ್ಯವಹಾರದಲ್ಲಿ ಅತಿ ದೊಡ್ಡ ಅನ್ಯಾಯ. ಮೊದಲನೆಯವನು ಸುಳ್ಳ. ಎರಡನೆಯವನು, ಬಹಳಷ್ಟು ಸಲ, ಬೆನ್ನು ನೋವಿನ ಮನುಷ್ಯ.

ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯ ವಿದ್ಯುತ್ ಮಗ್ಗದ ಶೆಡ್ಡಿನಿಂದ ಶುರುಮಾಡೋಣ. ಅಲ್ಲಿ ಮಜೂರಿ ದಿನಕ್ಕಲ್ಲ, ಮೀಟರಿಗೆ. 52 ಪಿಕ್ಕಿನ, ಅಂದರೆ ಅಂಗುಲಕ್ಕೆ 52 ಅಡ್ಡ ಎಳೆಯ, ಬಟ್ಟೆಗೆ ಮೀಟರಿಗೆ ಎಷ್ಟು ಪೈಸೆ ಎಂಬುದರ ಮೇಲೆಯೇ ಅಲ್ಲಿನ ಮುಷ್ಕರಗಳೂ ಒಪ್ಪಂದಗಳೂ ನಡೆದಿವೆ. ಒಬ್ಬನೇ ನಾಲ್ಕಾರು ಮಗ್ಗ ನೋಡಬೇಕು. ಹನ್ನೆರಡು ತಾಸಿನ ಪಾಳಿ. ನಿಂತೇ ಇರಬೇಕು, ಬಗ್ಗಿ ಎಳೆ ಕೂಡಿಸಬೇಕು, ಕಾಂಡಿ ಬದಲಿಸಬೇಕು. ಇದನ್ನು ಇಪ್ಪತ್ತು ವರ್ಷ ಮಾಡಿದವನ ಸೊಂಟ ಹೋಯಿತು ಎಂದಿಟ್ಟುಕೊಳ್ಳಿ. ನಡೆಯುತ್ತಾನೆ, ಮಾತಾಡುತ್ತಾನೆ, ಚಹಾದಂಗಡಿಯಲ್ಲಿ ಕೂರುತ್ತಾನೆ. ಅರ್ಧ ತಾಸಿಗಿಂತ ಹೆಚ್ಚು ನಿಲ್ಲಲಾರ. ಅಂದರೆ ಮಗ್ಗ ನಡೆಸಲಾರ. ಗಡಹಿಂಗ್ಲಜದ ಸುತ್ತಿನ ಕಬ್ಬಿನ ಗದ್ದೆಯಲ್ಲಿ ಮೋಳಿಗೆ ಹೊತ್ತವಳದ್ದೂ, ಶಿರೋಳಿ–ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ಮೋಲ್ಡ್ ಎತ್ತಿದವನದ್ದೂ ಇದೇ ಕತೆ.

ಆ ಮಗ್ಗದವನು ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆಯ ತಪಾಸಣೆಗೆ ಹೋದರೆ ಏನಾಗುತ್ತದೆ? ವೈದ್ಯರನ್ನು ಬಯ್ಯುವ ಲೇಖನಗಳು ಸಾಕಷ್ಟಿವೆ. ನಾನು ಆ ಸಾಲಿಗೆ ಸೇರುವುದಿಲ್ಲ. ವೈದ್ಯರ ಕೈಯಲ್ಲಿ ಒಂದು ಕೋಷ್ಟಕವಿದೆ. ಬಯ್ಯಬೇಕಾದದ್ದು ಅದನ್ನು.

ಆ ಕೋಷ್ಟಕದ ಹಳೆಯ ರೂಪಕ್ಕೆ ಕೇಂದ್ರ ಸರ್ಕಾರದ 2001ರ ಅಂಗವೈಕಲ್ಯ ಅಳತೆಯ ಮಾರ್ಗಸೂಚಿಯಲ್ಲಿ ಬೆನ್ನುಮೂಳೆಯ ಭಾಗ ತೆಗೆದು ನೋಡಿ. ನೋವು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ ಎಂದು ಹಲವರು ಬರೆಯುತ್ತಾರೆ. ಅದು ತಪ್ಪು. ನೋವಿಗೆ ಜಾಗವಿದೆ, ಅಂಕವೂ ಇದೆ. ರೋಗಿ ಹೇಳುವ ನೋವು ಮಾತ್ರ ಇದ್ದು, ಸ್ನಾಯು ಬಿಗಿದಿಲ್ಲ, ರಚನೆಯಲ್ಲಿ ತೋರಿಸಬಲ್ಲ ದೋಷವಿಲ್ಲ ಎಂದಾದರೆ ಅಂಕ: ಸೊನ್ನೆ. ನೋವಿನ ಜತೆ ಬಿಗಿತವೂ ಇದ್ದು ಎಕ್ಸ್‌ರೇಯಲ್ಲಿ ಬದಲಾವಣೆ ಕಂಡರೆ ಆ ಬದಲಾವಣೆಯ ತೀವ್ರತೆಗೆ ತಕ್ಕಂತೆ ಅಂಕ ಏರುತ್ತದೆ. ಕತ್ತಿನಿಂದ ಸೊಂಟದವರೆಗೆ ಇಡೀ ಬೆನ್ನುಮೂಳೆ ತೀವ್ರವಾಗಿ ಕೆಟ್ಟಿದ್ದರೆ? ಆಗ ಸಿಗುವುದು 30. ಅಲ್ಲಿಗೆ ಏಣಿ ಮುಗಿಯಿತು. ಬಾಗಿಲು ಇರುವುದು 40ರಲ್ಲಿ.

ಬೇರೆ ದೋಷಗಳಿದ್ದರೆ ಕೂಡಿಸಬಹುದಲ್ಲ ಎಂದು ಕೇಳುವವರಿಗೆ ಆ ಕೂಡಿಸುವ ಸೂತ್ರವನ್ನೂ ತೋರಿಸುತ್ತೇನೆ. ದೊಡ್ಡ ಅಂಕವನ್ನು 90ರಿಂದ ಕಳೆದು, ಉಳಿದದ್ದನ್ನು ಸಣ್ಣ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಕ್ಕೆ ಸೇರಿಸಬೇಕು. ಬೆನ್ನಿಗೆ 20, ಮೊಣಕಾಲಿಗೆ 20 ಬಂತು ಎನ್ನಿ. ಶಾಲೆಯ ಹುಡುಗ 40 ಎನ್ನುತ್ತಾನೆ. ಸೂತ್ರದ ಉತ್ತರ 35.56. ಬಾಗಿಲು ದಾಟಲು ಎರಡು ಕಡೆಯೂ 23 ಬೇಕು. ಬೆನ್ನಿಗೇ ಗರಿಷ್ಠ 30 ಬಂದವನಿಗೂ ಇನ್ನೊಂದು ಕಡೆಯಿಂದ 15 ಬೇಕು. ಅಂಕಗಣಿತದಲ್ಲಿ ತಪ್ಪೇನೂ ಇಲ್ಲ. ಒಂದೇ ದೇಹದ ನಷ್ಟ ನೂರನ್ನು ಮೀರಬಾರದು ಎಂಬ ಎಚ್ಚರ ಅದರ ಹಿಂದಿದೆ. ಆದರೆ ಆ ಎಚ್ಚರದ ದಂಡವನ್ನು ಕಟ್ಟುವವರು ನೂರರ ಹತ್ತಿರದವರಲ್ಲ, ನಲವತ್ತರ ಅಂಚಿನಲ್ಲಿ ನಿಂತವರು.

2018ರಲ್ಲಿ ಮಾರ್ಗಸೂಚಿ ಹೊಸದಾಯಿತು, 2024ರ ಮಾರ್ಚಿನಲ್ಲಿ ಮತ್ತೊಮ್ಮೆ ಪರಿಷ್ಕರಣೆಯಾಯಿತು. ಕೀಲು ಎಷ್ಟು ಡಿಗ್ರಿ ತಿರುಗುತ್ತದೆ, ಸ್ನಾಯುವಿನ ಬಲ ಎಷ್ಟು, ಚಿತ್ರದಲ್ಲಿ ಏನು ಕಾಣುತ್ತದೆ ಎಂಬ ಚೌಕಟ್ಟು ಕದಲಲಿಲ್ಲ. ಮೂರನೇ ತಾಸಿನಲ್ಲಿ ಏನಾಗುತ್ತದೆ ಎಂದು ಕೇಳುವ ಸಾಲು ಆ ಚೌಕಟ್ಟಿನಲ್ಲಿಲ್ಲ. ದೀರ್ಘಕಾಲದ ನೋವಿನ ಇಡೀ ಗುಟ್ಟು ಇರುವುದು ಆ ಮೂರನೇ ತಾಸಿನಲ್ಲಿ. ಗಡಹಿಂಗ್ಲಜದಿಂದ ಅರವತ್ತೆಪ್ಪತ್ತು ಕಿಲೋಮೀಟರ್ ಎಸ್‌ಟಿ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದವಳು ಮೇಜಿನೆದುರು ಒಂದು ಸಲ ಬಗ್ಗಿ ತೋರಿಸಿಯಾಳು; ಅದಕ್ಕಾಗಿ ಮುಂದಿನ ಎರಡು ದಿನ ಹಾಸಿಗೆ ಹಿಡಿದದ್ದು ಯಾವ ಕಾಗದಕ್ಕೂ ಏರುವುದಿಲ್ಲ.

ಇದೆಲ್ಲ ಕಾನೂನಿನ ತಪ್ಪೇ ಎಂದರೆ ಅಲ್ಲ. 2016ರ ಕಾಯ್ದೆಯ ಅನುಸೂಚಿ ಚಲನ ವೈಕಲ್ಯವನ್ನು ವಿವರಿಸುವುದು ತನ್ನನ್ನೂ ವಸ್ತುಗಳನ್ನೂ ಚಲಿಸುವ ಕೆಲಸಗಳನ್ನು ಮಾಡಲಾಗದ ಸ್ಥಿತಿ ಎಂದು. ಅಲ್ಲಿ ಕೋನ ಇಲ್ಲ, ಎಕ್ಸ್‌ರೇ ಇಲ್ಲ. ‘ಮಾಡಲಾಗದು’ ಎಂಬುದಷ್ಟೇ ಇದೆ. ಅದೇ ಕಾಯ್ದೆ 1995ರ ಏಳು ವರ್ಗಗಳನ್ನು 21ಕ್ಕೆ ಏರಿಸಿ ಕುಡುಗೋಲು ಕಣ ರೋಗವನ್ನೂ ಹಿಮೋಫಿಲಿಯಾವನ್ನೂ ಒಳಗೆ ತಂದಿತು. ಎರಡೂ ಬಾಧೆ ಬಂದು ಹೋಗುವ, ಹೊರಗೆ ಕಾಣದ, ನೋವಿನಿಂದಲೇ ಮನುಷ್ಯನನ್ನು ಕೆಡವುವ ರೋಗಗಳು. ಅಂದರೆ ಕಣ್ಣಿಗೆ ಕಾಣದ ನೋವೂ ವೈಕಲ್ಯವಾಗಬಹುದು ಎಂದು ಸಂಸತ್ತು ಒಪ್ಪಿಯೇ ಹತ್ತು ವರ್ಷವಾಗುತ್ತ ಬಂತು. ಒಪ್ಪದಿರುವುದು ಕೋಷ್ಟಕ.

ಈಗ ಆ ಮಗ್ಗದವನನ್ನೇ ಬೇರೆ ಬಾಗಿಲಿಗೆ ಕರೆದೊಯ್ಯಿರಿ. ಅವನ ಬೆನ್ನು ಕೆಟ್ಟದ್ದು ಮಗ್ಗದಿಂದಲ್ಲ, ಪುಣೆ–ಬೆಂಗಳೂರು ಹೆದ್ದಾರಿಯ ಅಪಘಾತದಿಂದ ಎಂದುಕೊಳ್ಳಿ. ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ವಕೀಲರು ಮೊದಲು ಎತ್ತುವ ತೀರ್ಪು 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್. ವೈದ್ಯರು ಹೇಳುವ ಶೇಕಡಾವಾರು ಬೇರೆ, ದುಡಿಯುವ ಶಕ್ತಿಯ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ಗಳಿಕೆಯ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು. ಸರ್ಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿದೀತು. ಇದೂ ಹೊಸದಲ್ಲ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಮೊಣಕೈ ಮೇಲಿನಿಂದ ಎಡಗೈ ಕಳೆದುಕೊಂಡ ಬಡಗಿಯದು ಸಂಪೂರ್ಣ ಅಸಾಮರ್ಥ್ಯ, ಒಂದೇ ಕೈಯಲ್ಲಿ ಬಡಗಿತನ ಆಗದು ಎಂದು ನಾಲ್ವರು ನ್ಯಾಯಮೂರ್ತಿಗಳ ಪೀಠ ಹೇಳಿ ಅರ್ಧ ಶತಮಾನ ಕಳೆದಿದೆ. ಇಎಸ್‌ಐ ಪದ್ಧತಿಯಲ್ಲೂ ಶಾಶ್ವತ ಅಸಾಮರ್ಥ್ಯದ ಪರಿಹಾರ ನಿಂತಿರುವುದು ಗಳಿಕೆಯ ಶಕ್ತಿ ಎಷ್ಟು ಕುಗ್ಗಿತು ಎಂಬುದರ ಮೇಲೆ. ಅಲ್ಲಿ 40ರ ಬಾಗಿಲೇ ಇಲ್ಲ, ನಷ್ಟಕ್ಕೆ ತಕ್ಕ ಹಣ. ಆದರೆ ಇಎಸ್‌ಐ ಕಡ್ಡಾಯವಾಗಿ ಅನ್ವಯವಾಗಲು ಸಾಮಾನ್ಯವಾಗಿ ಕನಿಷ್ಠ ಹತ್ತು ಜನ ಕೆಲಸಗಾರರಿರಬೇಕು. ಇಚಲಕರಂಜಿಯ ಗಲ್ಲಿಗಳಲ್ಲಿ ಮಗ್ಗಗಳು ಸಣ್ಣ ಸಣ್ಣ ಶೆಡ್ಡುಗಳಲ್ಲಿ ಹಂಚಿಹೋಗಿರುವುದನ್ನು ಕಂಡವರಿಗೆ ಮುಂದಿನದ್ದನ್ನು ಹೇಳಬೇಕಾಗಿಲ್ಲ.

ಹೀಗೆ ಒಂದೇ ಬೆನ್ನು, ಒಂದೇ ಜಿಲ್ಲೆ. ವಿಮಾ ಕಂಪನಿ ಹಣ ಕೊಡಬೇಕಾದಾಗ ಪ್ರಭುತ್ವ ‘ನಿನ್ನ ಕೆಲಸ ಯಾವುದು?’ ಎಂದು ಕೇಳುತ್ತದೆ. ತಾನೇ ಕೊಡಬೇಕಾದಾಗ ‘ಎಷ್ಟು ಡಿಗ್ರಿ ಬಗ್ಗುತ್ತೀ?’ ಎಂದು ಕೇಳುತ್ತದೆ.

ನೋವನ್ನು ಅಳೆಯಲು ಬರುವುದಿಲ್ಲ, ಬಾಗಿಲು ತೆರೆದರೆ ಊರಿಗೆ ಊರೇ ಸೊಂಟ ಹಿಡಿದುಕೊಂಡು ಬರುತ್ತದೆ ಎಂಬ ವಾದ ನನಗೆ ಗೊತ್ತಿದೆ. ಆಡಳಿತದವರಿಗೆ ಬಹಳ ಪ್ರಿಯವಾದ ವಾದ. ಖೇಡ್ಕರ್ ಹೇಳಿಕೊಂಡದ್ದರಲ್ಲಿ ದೃಷ್ಟಿದೋಷವೂ ಮಾನಸಿಕ ಅಸ್ವಾಸ್ಥ್ಯವೂ ಇದ್ದವು. ಮೋಸ ಮಾಡಲು ಕೂತವನು ಸೊನ್ನೆ ಅಂಕದ ವರ್ಗವನ್ನು ಯಾಕೆ ಆರಿಸಿಕೊಂಡಾನು? ಅವನು ಮುದ್ರೆಯನ್ನೇ ಖರೀದಿಸುತ್ತಾನೆ, ಸಹಿಯನ್ನೇ ನಕಲು ಮಾಡುತ್ತಾನೆ. ಸೊನ್ನೆಯ ಸಾಲು ಇಷ್ಟು ವರ್ಷ ತಡೆದದ್ದು ಮೋಸಗಾರರನ್ನಲ್ಲ, ಮೋಸ ಮಾಡಲು ಬಾರದವರನ್ನು.

ಮೋಸಕ್ಕೆ ಕಾರಣ ಬೇಕಿದ್ದರೆ ಇನ್ನೊಂದು ಅಂಕಿ ನೋಡಿ. ಮಹಾರಾಷ್ಟ್ರದಲ್ಲಿ ದಿವ್ಯಾಂಗರಿಗೆ ಸಂಜಯ ಗಾಂಧಿ ನಿರಾಧಾರ ಅನುದಾನ 2025ರಲ್ಲಿ ತಿಂಗಳಿಗೆ 1,500ರಿಂದ 2,500 ರೂಪಾಯಿಗೆ ಏರಿತು. ಏರಿದ್ದು ಒಳ್ಳೆಯದೇ. ಆದರೆ ಉಳಿದ ಷರತ್ತುಗಳನ್ನೆಲ್ಲ ಪೂರೈಸಿದ ಬಡವನಿಗೂ ಶೇ 40 ಬಂದರೆ ವರ್ಷಕ್ಕೆ 30,000, ಶೇ 39 ಬಂದರೆ ಏನೂ ಇಲ್ಲ. ಒಂದು ಅಂಕಕ್ಕೆ ಮೂವತ್ತು ಸಾವಿರದ ಬೆಲೆ ಕಟ್ಟಿ, ಆ ಅಂಕದ ಸುತ್ತ ದಲ್ಲಾಳಿಗಳು ಹುಟ್ಟಬಾರದು ಎಂದರೆ ಹೇಗೆ? ಗಡಿ ದಾಟಿ ಸಂಕೇಶ್ವರಕ್ಕೆ ಬಂದರೆ ಕರ್ನಾಟಕದಲ್ಲಿ ಶೇ 40ರಿಂದ 74ರವರೆಗೆ 800, ಶೇ 75ರಿಂದ ಮೇಲೆ 1,400. ಹಣ ನಾಚಿಕೆಗೇಡಿನಷ್ಟು ಕಡಿಮೆ, ಆದರೆ ಮೆಟ್ಟಿಲಾದರೂ ಇದೆ. ಅದೂ 40ರ ಕೆಳಗೆ ಮಾತ್ರ ಇಲ್ಲ. ಕೇಂದ್ರದ ಪಿಂಚಣಿಯಂತೂ ಶೇ 80 ಕೇಳಿ 300 ರೂಪಾಯಿ ಕೊಡುತ್ತದೆ. ಅದರ ಬಗ್ಗೆ ಬರೆದು ಶಾಯಿ ಕೆಡಿಸುವುದಿಲ್ಲ.

ಬ್ರಿಟನ್ನಿನಲ್ಲಿ ಪಿಐಪಿ ಎಂಬ ಅಂಗವೈಕಲ್ಯ ಭತ್ಯೆಯ ತಪಾಸಣೆ ಎಂದರೆ ಅಲ್ಲಿನ ಅಂಗವಿಕಲರು ಉರಿದು ಬೀಳುತ್ತಾರೆ. ಅದನ್ನು ಮಾದರಿ ಎಂದು ಹೊಗಳುವ ಇರಾದೆ ನನಗಿಲ್ಲ. ಆದರೂ ಅವರ ನಿಯಮದಲ್ಲಿ ಒಂದು ಪರೀಕ್ಷೆ ಇದೆ. ಒಬ್ಬರು ಒಂದು ಕೆಲಸವನ್ನು ಸುರಕ್ಷಿತವಾಗಿ, ಒಪ್ಪುವ ಮಟ್ಟದಲ್ಲಿ, ಮತ್ತೆ ಮತ್ತೆ, ಸಮಂಜಸವಾದ ವೇಳೆಯೊಳಗೆ ಮಾಡಬಲ್ಲರಾದರೆ ಮಾತ್ರ ‘ಮಾಡಬಲ್ಲರು’ ಎಂದು ಬರೆಯಬೇಕು. ಅರ್ಧಕ್ಕಿಂತ ಹೆಚ್ಚು ದಿನ ಸ್ಥಿತಿ ಹೇಗಿರುತ್ತದೆ ಎಂಬುದನ್ನು ನೋಡಬೇಕು. ‘ಮತ್ತೆ ಮತ್ತೆ’ ಎಂಬುದೊಂದನ್ನು ನಮ್ಮ ಮಾರ್ಗಸೂಚಿಗೆ ಸೇರಿಸಿದರೂ ಇಚಲಕರಂಜಿಯ ಅರ್ಧ ಅರ್ಜಿಗಳ ಹಣೆಬರಹ ಬದಲಾದೀತು ಎಂದು ನನ್ನ ಅಂದಾಜು. ಇದಕ್ಕೆ ಸಂಸತ್ತಿನ ತನಕ ಹೋಗಬೇಕಿಲ್ಲ. ಕಾಯ್ದೆಯ 56ನೇ ಕಲಮು ಅಳತೆಯ ಮಾರ್ಗಸೂಚಿ ಹೊರಡಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಅಧಿಸೂಚನೆಯೊಂದು ಸಾಕು.

ಅಷ್ಟರವರೆಗೆ ಮುಂಬಯಿ ಮಾಡಬಹುದಾದದ್ದೂ ಇದೆ. 2021ರ ವಿಕಾಶ್ ಕುಮಾರ್ ತೀರ್ಪನ್ನು ಪರಿಶೀಲನೆ ನಡೆಸುವ ಪ್ರತಿಯೊಬ್ಬ ಅಧಿಕಾರಿಯ ಮೇಜಿನ ಮೇಲಿಡಬೇಕು. ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಗೆ ಬರಹಗಾರನನ್ನು ಕೊಡಲು ಯುಪಿಎಸ್‌ಸಿ ಒಪ್ಪದಿದ್ದಾಗ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಶೇ 40 ಬೇಕಾಗುವುದು ಮೀಸಲಾತಿಯಂಥ ನಿರ್ದಿಷ್ಟ ಸೌಲಭ್ಯಗಳಿಗೆ, ಸಮಂಜಸ ಹೊಂದಾಣಿಕೆಯ ಹಕ್ಕಿಗೆ ಅದು ಬೇಕಿಲ್ಲ, 40ರ ಕೆಳಗಿನವರೂ ಕಾನೂನಿನ ಕಣ್ಣಿನಲ್ಲಿ ಅಂಗವಿಕಲರೇ. 2024ರ ತಿದ್ದುಪಡಿ ನಿಯಮಗಳು 40ರ ಕೆಳಗಿನವರಿಗೂ ಬಿಳಿ ಬಣ್ಣದ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತು) ಕಾರ್ಡು ಕೊಡುತ್ತವೆ. ಒಂದು ಕೈಯಲ್ಲಿ ಬಿಳಿ ಕಾರ್ಡು ಕೊಟ್ಟು ಇನ್ನೊಂದು ಕೈಯಲ್ಲಿ 91ನೇ ಕಲಮಿನ ಬೆದರಿಕೆ ಹಾಕುವುದು ಯಾವ ನ್ಯಾಯ? ಆ ಕಲಮು, ಎರಡು ವರ್ಷದವರೆಗಿನ ಸಜೆಯ ಕಲಮು, ಇರುವುದು ವಂಚನೆಯಿಂದ ಸೌಲಭ್ಯ ಪಡೆದವರಿಗೆ. ಹಿಂದೆ ವೈದ್ಯರೇ 42 ಎಂದು ಬರೆದು, ಈಗ ಇನ್ನೊಬ್ಬ ವೈದ್ಯರು 36 ಎಂದು ಬರೆದರೆ ಅದು ವಂಚನೆಯಲ್ಲ, ಎರಡು ಅಳತೆಗಳ ವ್ಯತ್ಯಾಸ. ಅಂಥ ಶಿಕ್ಷಕಿಯ ಸಂವರ್ಗ ಒಂದು ಹೋಗಲಿ, ಬಡ್ತಿಯ ಮೀಸಲಾತಿ ಹೋಗಲಿ. ಆಕೆಗೆ ಕುಳಿತು ಪಾಠ ಹೇಳುವ ಕುರ್ಚಿ, ನೆಲಮಹಡಿಯ ತರಗತಿ ಕೊಡಬೇಕಾದ ಹೊಣೆ ಜಿಲ್ಲಾ ಪರಿಷತ್ತಿನ ಮೇಲೆ ಉಳಿದೇ ಇರುತ್ತದೆ. ಸೇವೆಯಲ್ಲಿದ್ದಾಗ ವೈಕಲ್ಯ ಬಂದವರನ್ನು ತೆಗೆದುಹಾಕುವಂತಿಲ್ಲ, ಹಿಂಬಡ್ತಿ ಮಾಡುವಂತಿಲ್ಲ ಎಂಬ 20ನೇ ಕಲಮಿನ ಮಾತಿನಲ್ಲೂ ಶೇಕಡಾವಾರು ಇಲ್ಲ.

ಎರಡು ಪಟ್ಟಿ ಮಾಡಿ, ಸ್ವಾಮಿ. ನಕಲಿ ದಾಖಲೆಯವರದ್ದು ಒಂದು, ಅಳತೆಯಲ್ಲಿ ಇಳಿದವರದ್ದು ಇನ್ನೊಂದು. ಮೊದಲನೆಯದನ್ನು ಪೊಲೀಸರಿಗೆ ಕೊಡಿ. ಎರಡನೆಯದನ್ನು ಕೊಡುವ ಮೊದಲು ಆ ಹೆಸರುಗಳ ಮೂಲ ಅರ್ಜಿ ತೆಗೆಸಿ ನೋಡಿ. 2017ರ ನಿಯಮಗಳ ಅರ್ಜಿ ನಮೂನೆಯಲ್ಲಿ ಶಿಕ್ಷಣದ ಸಾಲಿನ ನಂತರ ‘ಉದ್ಯೋಗ’ ಎಂಬ ಒಂದು ಸಾಲಿದೆ. ಅರ್ಜಿದಾರರು ಅದನ್ನು ತುಂಬುತ್ತಾರೆ. ವೈದ್ಯರು ಸಹಿ ಹಾಕುವ ಪ್ರಮಾಣಪತ್ರದ ನಮೂನೆಯಲ್ಲಿ ಆ ಸಾಲು ಇಲ್ಲ.