ಹಾಕಿ, ಗಟ್ಟಿತನ ಮತ್ತು ಪಟ್ಟಿಯಿಂದ ಹೊರಗುಳಿದವರು

ಮೊನ್ನೆ ಶುಕ್ರವಾರ ಸಂಜೆ ವಿಟಿಯಿಂದ ಹೊರಟ ಡೊಂಬಿವಲಿ ಲೋಕಲ್‌ನಲ್ಲಿ ನಮ್ಮ ಗ್ರೂಪಿನವರ ನಡುವೆ ಜೋರು ಜಗಳ. (ಊರಿನ ಓದುಗರಿಗೆ ಹೇಳಬೇಕು, ಇಲ್ಲಿ ಲೋಕಲ್ ಗ್ರೂಪ್ ಅಂದ್ರೆ ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಒಬ್ಬರ ಭುಜಕ್ಕೆ ಒಬ್ಬರು ಒರಗಿಕೊಂಡು ಪ್ರಯಾಣ ಮಾಡಿದವರು. ಮದುವೆಗೂ ಬರುತ್ತಾರೆ, ಮಸಣಕ್ಕೂ ಬರುತ್ತಾರೆ.) ಜಗಳ ಕ್ರಿಕೆಟ್ ಬಗ್ಗೆ ಅಲ್ಲ, ಹಾಕಿ ಬಗ್ಗೆ! ನನಗಂತೂ ಖುಷಿಯಾಯಿತು. ಈ ಊರಲ್ಲಿ ಹಾಕಿಗಾಗಿ ಜಗಳ ಆಡುವವರು ಸಿಗುವುದೇ ಅಪರೂಪ.

ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರು ನಮ್ಮ ಗ್ರೂಪಿನಲ್ಲಿದ್ದಾರೆ. ಅವರ ವಾದ ಇಷ್ಟು. "ಮಾರಾಯ್ರೆ, ಹಿಂದಿನವರು ಮೂಳೆ ಮುರಿದರೂ ಆಡುತ್ತಿದ್ರು. ಬಲ್ಬೀರ್ ಸಿಂಗ್ 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬೆರಳು ಮುರಿದುಕೊಂಡೇ ಫೈನಲ್ ಆಡ್ಲಿಲ್ವಾ? ಈಗಿನವರಿಗೆ ಸ್ವಲ್ಪ ಸೊಂಟ ಹಿಡಿದ್ರೂ ಫಿಸಿಯೋ ಬೇಕು." ರೈಲ್ವೆಯಲ್ಲಿರುವ ಮರಾಠಿ ಗೆಳೆಯ ಅದಕ್ಕೆ ತಲೆಯಾಡಿಸಿ, ತಂಡ ಆರಿಸುವಾಗ ಮೊದಲು ಆಳು ಎಷ್ಟು ಗಟ್ಟಿ ಅಂತ ನೋಡಬೇಕು, ಕೈಚಳಕ ಆಮೇಲೆ ಅಂದ. ಮೂರನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎದುರಾಳಿಗೆ ನಾಲ್ಕು ಕೊಟ್ಟು ಬರುವವನೊಬ್ಬ ತಂಡದಲ್ಲಿ ಇರಲೇಬೇಕು ಅಂದರು.

ಈ ಮೂರನೆಯ ಮಾತು ಕೇಳಿ ಷಿಕಾಗೋದಲ್ಲಿರುವ ನನ್ನ ಅಕ್ಕನ ಮಗ ನೆನಪಾದ. ಅಲ್ಲಿಯ ಐಸ್ ಹಾಕಿಯಲ್ಲಿ ಕೈಗವಸು ಬಿಸಾಕಿ ಗುದ್ದಾಡಿದರೆ ಐದು ನಿಮಿಷ ಪಕ್ಕದ ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ, ಅಷ್ಟೇ. ಹಿಂದೆಲ್ಲ ಅದಕ್ಕೆಂದೇ ಒಬ್ಬ ಆಳನ್ನು ತಂಡದಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ಅವನಿಗೆ ಜಾಗ ಕೊಡುವುದು ದಂಡ ಅಂತ ಇವನು, ಅವನಿಲ್ಲದಿದ್ದರೆ ನಮ್ಮ ಒಳ್ಳೆ ಆಟಗಾರರನ್ನು ಪುಡಿ ಮಾಡುತ್ತಾರೆ ಅಂತ ಇವನ ಸ್ನೇಹಿತರು. ಬೇಸಿಗೆ ಬಂದರೆ ಅದೇ ಜನ ಬೇಸ್‌ಬಾಲ್ ತಂಡದ 26 ಜನರ ಪಟ್ಟಿ ಹಿಡಿದು ಯಾರು ಇರಬೇಕು, ಯಾರು ಹೋಗಬೇಕು ಅಂತ ರಾತ್ರಿಯೆಲ್ಲ ವಾದ. ಆದರೆ ಅಲ್ಲಿ ಒಂದು ಋತುವಿಗೆ 162 ಪಂದ್ಯ. ಇವತ್ತು ತಪ್ಪು ಆಯ್ಕೆ ಆದರೆ ಕೆಳಗಿನ ತಂಡದಿಂದ ನಾಳೆಯೇ ಇನ್ನೊಬ್ಬನನ್ನು ಕರೆಸಬಹುದು. ನಮ್ಮ ಹಾಕಿಗೆ ಆ ಸೌಕರ್ಯ ಎಲ್ಲಿದೆ? ಒಲಿಂಪಿಕ್ಸ್‌ಗೆ 16 ಜನರ ಪಟ್ಟಿ ಕೊಟ್ಟರೆ ಮುಗಿಯಿತು, ನಮ್ಮ ಕ್ಯಾಶ್ ಕ್ಲೋಸ್ ಮಾಡಿದ ಹಾಗೆ. ಗಾಯದ ಕಾರಣಕ್ಕಲ್ಲದೆ ಬದಲಾವಣೆ ಕಷ್ಟ.

2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಆಗಸ್ಟ್ 4, ಬ್ರಿಟನ್ ವಿರುದ್ಧ ಕ್ವಾರ್ಟರ್ ಫೈನಲ್. 17ನೇ ನಿಮಿಷದಲ್ಲೇ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಕೋಲು ಎದುರಾಳಿಯ ಮುಖಕ್ಕೆ ತಗುಲಿತ್ತು. ಬೇಕಂತ ಮಾಡಿದ್ದೋ ಅಲ್ಲವೋ ಅನ್ನುವ ಚರ್ಚೆ ಇವತ್ತಿಗೂ ಮುಗಿದಿಲ್ಲ. ನಾನಂತೂ ಬೇಕಂತ ಅಲ್ಲ ಅನ್ನುವ ಪಕ್ಷ. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ನಮ್ಮವರು ಹತ್ತೇ ಜನ. ಹರ್ಮನ್‌ಪ್ರೀತ್ ಒಂದು ಗೋಲು ಹೊಡೆದರು, ಅವರೂ ಒಂದು ಹೊಡೆದು ಸಮ ಮಾಡಿದರು. ಆಮೇಲೆ ಒಬ್ಬನೂ ಗಾಬರಿ ಬೀಳಲಿಲ್ಲ. ಶೂಟೌಟ್‌ನಲ್ಲಿ ಶ್ರೀಜೇಶ್ ನಿಂತರು, 4-2. ನಮ್ಮ ಮನೆಯಲ್ಲಿ ನಾನು ಕೂಗಿದ ಕೂಗಿಗೆ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು "ಕಾಯ್ ಝಾಲಂ?" ಅಂತ ಕೇಳಿದ್ದರು.

ಆವತ್ತು ಗಟ್ಟಿತನ ಎಲ್ಲಿತ್ತು ಹೇಳಿ. ಹೊಡೆದಾಟದಲ್ಲಂತೂ ಅಲ್ಲ. ಹತ್ತು ಜನ ತಮ್ಮ ತಮ್ಮ ಜಾಗ ಬಿಡದೆ ನಿಂತದ್ದರಲ್ಲಿ ಇತ್ತು.

ಇನ್ನು ರೋಹಿದಾಸ್ ವಿಷಯ. ಅವರು ನಮ್ಮ ತಂಡದ ಮೊದಲ ರಷರ್. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲಿನ ಗೆರೆಯಿಂದ ಎಲ್ಲರಿಗಿಂತ ಮೊದಲು ಚೆಂಡಿನತ್ತ ಓಡುವ ಕೆಲಸ. ಆ ಕಡೆಯವ ಡ್ರ್ಯಾಗ್ ಫ್ಲಿಕ್ ಮಾಡಿದ ಚೆಂಡು ಗಂಟೆಗೆ ನೂರು ಕಿಲೋಮೀಟರ್ ದಾಟಿದ ವೇಗದಲ್ಲಿ ಬರುತ್ತದೆ, ಈತ ಅದರ ದಾರಿಗೇ ಓಡಬೇಕು. ಮುಖಕ್ಕೊಂದು ಮಾಸ್ಕ್, ಮೊಣಕಾಲಿಗೊಂದು ಪ್ಯಾಡ್, ಉಳಿದದ್ದು ದೇವರ ಮೇಲೆ. ಈ ಕೆಲಸಕ್ಕೆ ಪದಕದ ಫೋಟೋದಲ್ಲಿ ಬೇರೆ ಹೆಸರೇನೂ ಇಲ್ಲ. ಅವರಿಗೆ ಒಂದು ಪಂದ್ಯದ ನಿಷೇಧ ಬಂತು. ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ನಮ್ಮಲ್ಲಿ ಉಳಿದದ್ದು 15 ಜನ, ಯಾಕೆಂದರೆ ನಿಷೇಧವಾದವರ ಜಾಗಕ್ಕೆ ಬದಲಿ ಇಲ್ಲ. 3-2ರಲ್ಲಿ ಸೋತೆವು. ಜರ್ಮನಿಯ ಮೊದಲ ಗೋಲು ಪೆನಾಲ್ಟಿ ಕಾರ್ನರ್‌ನಿಂದಲೇ ಬಂತು. ರೋಹಿದಾಸ್ ಇದ್ದಿದ್ದರೆ ತಡೆಯುತ್ತಿದ್ದರು ಅಂತ ನಾನು ಹೇಳಲಾರೆ. ಆದರೆ ನೋಡುತ್ತಾ ಕೂತವನಿಗೆ ಹಾಗನ್ನಿಸದೆ ಇರುತ್ತದೆಯೇ? ಎರಡು ದಿನದ ನಂತರ ಅವರು ಮರಳಿದರು, ಸ್ಪೇನ್ ವಿರುದ್ಧ 2-1, ಕಂಚು ಬಂತು.

ಪಟ್ಟಿ ಎಷ್ಟು ಚಿಕ್ಕದಾದರೆ ಸಾಕು ಅನ್ನುವುದಕ್ಕೆ ಟೋಕಿಯೊದ ಲೆಕ್ಕ ಇನ್ನೂ ಚೆನ್ನಾಗಿದೆ. 2021ರಲ್ಲಿ ಕೋವಿಡ್ ಕಾರಣದಿಂದ ಮೀಸಲು ಆಟಗಾರರನ್ನೂ ಪಂದ್ಯಕ್ಕೆ ಇಳಿಸಲು ಅವಕಾಶ ಕೊಟ್ಟರು. ಮೊದಲ 16ರಲ್ಲಿ ಸಿಮ್ರನ್‌ಜೀತ್ ಸಿಂಗ್ ಇರಲಿಲ್ಲ, ಈ ನಿಯಮದಿಂದ ಒಳಗೆ ಬಂದವರು. ಕಂಚಿನ ಪಂದ್ಯದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿದಾಗ ನಮ್ಮ ಐದು ಗೋಲಿನಲ್ಲಿ ಎರಡು ಅವರದು. 41 ವರ್ಷಗಳ ನಂತರ ಬಂದ ಪದಕ ಅದು! ಒಂದು ಸಾಂಕ್ರಾಮಿಕ ರೋಗ ಬರದಿದ್ದರೆ ಆ ಹುಡುಗ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಿದ್ದ. ಆಯ್ಕೆಗಾರರ ತಪ್ಪು ಅಂತ ನಾನು ಹೇಳುವುದಿಲ್ಲ, ಹದಿನಾರರಲ್ಲಿ ಯಾರನ್ನು ತಾನೇ ಬಿಡುತ್ತೀರಿ? ಆದರೆ ಕೆಲವು ಸಲ ಬಿಟ್ಟದ್ದಕ್ಕೆ ಆಟ ಕಾರಣವೇ ಆಗಿರುವುದಿಲ್ಲ. 1998ರಲ್ಲಿ ಬ್ಯಾಂಕಾಕ್‌ನಲ್ಲಿ 32 ವರ್ಷದ ಮೇಲೆ ಏಷ್ಯನ್ ಗೇಮ್ಸ್ ಚಿನ್ನ ಬಂತು. ಫೈನಲ್‌ನ ಟೈಬ್ರೇಕರ್‌ನಲ್ಲಿ ಗೆಲ್ಲಿಸಿದ ಗೋಲ್‌ಕೀಪರ್ ಆಶಿಷ್ ಬಲ್ಲಾಳ್, ನಾಯಕ ಧನರಾಜ್ ಪಿಳ್ಳೆ ಮತ್ತು ಇನ್ನೂ ಹಲವರು ಪಾಕಿಸ್ತಾನ ವಿರುದ್ಧದ ಮುಂದಿನ ಸರಣಿಗೆ ತಂಡದಲ್ಲೇ ಇಲ್ಲ! "ವಿಶ್ರಾಂತಿ" ಅಂದರು. ಧನರಾಜ್ ನಮ್ಮ ಖಡಕಿಯವರು, ಮುಂಬಯಿಯಲ್ಲಿ ಮಹೀಂದ್ರ ತಂಡಕ್ಕೆ ಆಡಿದವರು. ಆ ವಾರ ಚರ್ಚ್‌ಗೇಟ್ ಹತ್ತಿರದ ಹಾಕಿ ಮೈದಾನದ ಹೊರಗೆ ಚಹಾ ಕುಡಿಯುತ್ತಿದ್ದವರ ಬಾಯಲ್ಲಿ ಬಂದ ಮರಾಠಿ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸರಿ, ಬಲ್ಬೀರ್ ಸಿಂಗ್ ಬೆರಳಿನ ಕಥೆಗೆ ಬರೋಣ. ನಿಜವೇ. ಪಾಕಿಸ್ತಾನದ ಮೇಲೆ 1-0 ಅಂತ ಗೆದ್ದೆವು, ಆದ್ದರಿಂದ ಕಥೆಯಾಗಿ ಉಳಿಯಿತು. ಹಾಗೆ ನೋವು ನುಂಗಿ ಆಡಿ, ಸೋತು, ಕಾಲೂ ಕಳೆದುಕೊಂಡವರ ಕಥೆ ಯಾರು ಹೇಳುತ್ತಾರೆ?

ನನಗೆ ಒಂದು ಗೊತ್ತು. 1995ರ ಸುಮಾರಿಗೆ ನಾನು ನಮ್ಮ ಬ್ಯಾಂಕಿನ ಹಾಕಿ ತಂಡದ ಮ್ಯಾನೇಜರ್. ಆಟ ಬರುತ್ತಿತ್ತು ಅಂತಲ್ಲ, ಬಿ.ಕಾಂ. ಹುಡುಗ, ವೋಚರ್ ಸರಿಯಾಗಿ ಇಡುತ್ತಾನೆ ಅಂತ. ತಂಡದ ಸೆಂಟರ್ ಹಾಫ್ ಸ್ಪೋರ್ಟ್ಸ್ ಕೋಟಾದಲ್ಲಿ ಬಂದ ಕ್ಲಾರ್ಕ್, ನಮ್ಮ ಹುಬ್ಬಳ್ಳಿ ಕಡೆಯವ. ಒಂದು ಸೆಮಿಫೈನಲ್‌ನ ಮಧ್ಯಂತರದಲ್ಲಿ ಬಂದು, "ಸರ, ಮೊಣಕಾಲು ಭಾಳ ನೋಯಾಕತ್ತೈತ್ರಿ. ಆದ್ರ ಆಡ್ತೀನಿ, ಯಾರಿಗೂ ಹೇಳಬ್ಯಾಡ್ರಿ" ಅಂದ. ನಾನು ಬೆನ್ನು ತಟ್ಟಿ, "ಶಭಾಷ್, ಗಂಡಸು ಅಂದ್ರೆ ನೀನು" ಅಂದೆ. ದೊಡ್ಡ ಮಾತು ಆಡಿದೆ ಅಂತ ನನಗೇ ಹೆಮ್ಮೆ. ಹತ್ತು ನಿಮಿಷದಲ್ಲಿ ಅವನನ್ನು ಇಬ್ಬರು ಹೊತ್ತು ತಂದರು. ಲಿಗಮೆಂಟ್ ಹರಿದಿತ್ತು. ಆಮೇಲೆ ಅವನು ಆಡಲೇ ಇಲ್ಲ.

ಎಷ್ಟೋ ವರ್ಷದ ಮೇಲೆ, ಯಾಕೋ ಅವತ್ತು ಹಾಗೆ ಮುಚ್ಚಿಟ್ಟೆ ಅಂತ ಕೇಳಿದೆ. "ಪಟ್ಟಿಯಿಂದ ಹೆಸರು ಹೋದ್ರ ಪ್ರಾಕ್ಟೀಸಿಗೆ ಬಿಡತಿದ್ದಿಲ್ಲರಿ, ಬೆಳಿಗ್ಗಿಂದ ಸಂಜೀತನಕ ಕೌಂಟರ್. ನನಗ ಲೆಜರ್ ಬರತಿದ್ದಿಲ್ಲ, ಇಂಗ್ಲಿಷ್ ಬರತಿದ್ದಿಲ್ಲ. ಅಂಜಿಕಿ ಇತ್ರಿ." ನಾನು ಯಾವುದನ್ನು ಗಟ್ಟಿತನ ಅಂತ ಹೊಗಳಿದ್ದೆನೋ ಅದು ಹೆದರಿಕೆಯಾಗಿತ್ತು. ಪಟ್ಟಿಯ ಹೆದರಿಕೆ. ಈಗ ಅವನು ಕಲ್ಯಾಣದ ಕಡೆ ಇದ್ದಾನೆ. ಎಸ್ಕಲೇಟರ್ ಕೆಟ್ಟ ದಿನ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ನಿಂತು ಜನ ಖಾಲಿಯಾಗುವವರೆಗೆ ಕಾಯುತ್ತಾನೆ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಗಟ್ಟಿತನದ ಜಗಳ ಮತ್ತು ಪಟ್ಟಿಯ ಜಗಳ ಎರಡಲ್ಲ, ಒಂದೇ. ಜಾಗ ಕಡಿಮೆ ಇದ್ದಷ್ಟೂ ಆಟಗಾರ ನೋವು ಮುಚ್ಚಿಡುತ್ತಾನೆ, ನಾವು ಅದಕ್ಕೆ ಚಪ್ಪಾಳೆ ಹೊಡೆಯುತ್ತೇವೆ. ವಿಶ್ವಕಪ್‌ಗೆ ಇದಕ್ಕಿಂತ ದೊಡ್ಡ ತಂಡ ಒಯ್ಯಬಹುದು. ಒಲಿಂಪಿಕ್ಸ್‌ನಲ್ಲೂ 18 ಮಾಡಿ, ನಿಷೇಧಕ್ಕೂ ಗಾಯಕ್ಕೂ ಅದರಿಂದಲೇ ತುಂಬಿಕೊಳ್ಳಿ ಅಂದರೆ ಯಾರಿಗೆ ನಷ್ಟ? ಕ್ರೀಡಾಗ್ರಾಮದಲ್ಲಿ ಹಾಸಿಗೆ ಸಾಲದು ಅನ್ನುತ್ತಾರೆ. ಎರಡು ಹಾಸಿಗೆ!

ಇದನ್ನೆಲ್ಲ ಲೋಕಲ್‌ನಲ್ಲಿ ಹೇಳಿದೆ. ಮೊಣಕಾಲಿನ ಕಥೆ ಕೇಳಿ ಹೋಟೆಲ್ ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಾದರು. ದಿವಾ ದಾಟಿದ ಮೇಲೆ, "ಆದರೂ ಬಲ್ಬೀರ್ ಸಿಂಗ್ ಬಲ್ಬೀರ್ ಸಿಂಗೇ ಮಾರಾಯ್ರೆ" ಅಂದರು. ಡೊಂಬಿವಲಿಯಲ್ಲಿ ಇಳಿಯುವಾಗ, ಸೋಮವಾರ ತಮ್ಮ 18ರ ಪಟ್ಟಿ ಬರೆದುಕೊಂಡು ಬರುತ್ತೇನೆ ಅಂತ ಜನರ ತಲೆಗಳ ಮೇಲಿಂದ ಕೂಗಿದರು. ನಾನೂ ಬರೆಯಲು ಕೂತಿದ್ದೇನೆ. ಇಬ್ಬರು ಗೋಲ್‌ಕೀಪರ್, ಇಬ್ಬರು ರಷರ್ ಬೇಕೇ ಬೇಕು, ಉಳಿದ ಹದಿನಾಲ್ಕು ಇನ್ನೂ ಕೂಡಿ ಬರುತ್ತಿಲ್ಲ.